ಊರೊಳಗಿಂದ ಹಾದ ವಿಮಾನ

ವಿಮಾನವನ್ನು ಆಕಾಶದಲ್ಲಿ ಕಾಣದವರು ನಮ್ಮ ನಾಡಿನಲ್ಲಿ ಈಗ ಯಾರೂ ಇರಲಾರರು. ಹೊಲದಲ್ಲಿ ಕಳೆ ಕೀಳುವವರೂ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಾಗುವರು. ಆದರೆ ಆ ವಿಮಾನವು ಹಾರುವುದಕ್ಕೆ ಮುಂಚೆ ನೆಲದ ಮೇಲೆ ಎಷ್ಟು ದೂರ ಬಂದಿರಬಹುದೆಂದು ಯೋಚಿಸಿದವರು ವಿರಳ. ರೆಕ್ಕೆ ಒಂದು ದೇಶದಲ್ಲಿ, ಒಡಲು ಮತ್ತೊಂದು ದೇಶದಲ್ಲಿ, ಬಾಲ ಇನ್ನೊಂದು ದೇಶದಲ್ಲಿ ಸಿದ್ಧವಾಗಿ, ಕಡಲನ್ನೂ ಹೊಳೆಯನ್ನೂ ದಾಟಿ, ಕಟ್ಟಕಡೆಗೆ ಎತ್ತಿನ ಗಾಡಿಯ ನಡಿಗೆಯಲ್ಲಿ ಹಳ್ಳಿಯ ಬೀದಿಯೊಳಗೆ ಸಾಗಿ ಒಂದೆಡೆ ಕೂಡಿಕೊಂಡ ವಿಮಾನವೊಂದುಂಟು. ಅದು ಏರ್‌ಬಸ್ ಎ-380. ಅದು ಸಾಗಿದ ಬೀದಿಯು ಫ್ರಾನ್ಸ್ ದೇಶದ ತೆಂಕಣ ಭಾಗದಲ್ಲಿ ಲೆವಿನ್ಯಾಕ್ ಎಂಬ ಗ್ರಾಮದ್ದು. ಆ ಸೋಜಿಗವನ್ನು ಕಣ್ಣಾರೆ ಕಾಣುವ ಯೋಗ ನಮಗೆ 2014ರಲ್ಲಿ ಒದಗಿತು.

ಮೊದಲು ಆ ವಿಮಾನದ ಗಾತ್ರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಮೂತಿಯಿಂದ ಬಾಲದ ತುದಿಗೆ 72 ಮೀಟರಿಗಿಂತ ಹೆಚ್ಚು ಉದ್ದ. ಎರಡು ರೆಕ್ಕೆಗಳನ್ನು ಚಾಚಿದರೆ ತುದಿಯಿಂದ ತುದಿಗೆ ಸುಮಾರು 80 ಮೀಟರು. ಒಡಲಿನಲ್ಲಿ ಎರಡು ಅಂತಸ್ತು. ಮೇಲಿನದೂ ಕೆಳಗಿನದೂ ಮೂತಿಯಿಂದ ಬಾಲದವರೆಗೆ ಚಾಚಿಕೊಂಡಿವೆ. 853 ಮಂದಿಯನ್ನು ಕೂರಿಸಿಕೊಂಡು ಹಾರಲು ಅದಕ್ಕೆ ಅನುಮತಿ ದೊರೆತಿತ್ತು. ವಾಸ್ತವದಲ್ಲಿ ಸಾಮಾನ್ಯವಾಗಿ 500ರ ಆಸುಪಾಸಿನಲ್ಲಿ ಕೂರಿಸುವರು. ನಮ್ಮ ಕಡೆಯ ಒಂದು ಸಣ್ಣ ಹಳ್ಳಿ ಹೆಂಗಸರು ಮಕ್ಕಳ ಸಮೇತ ಅದರಲ್ಲಿ ಹಿಡಿಸಿಹೋಗುವುದು.

ಇಷ್ಟು ದೊಡ್ಡದನ್ನು ಒಂದೇ ಕಾರ್ಖಾನೆಯಲ್ಲಿ ಕಟ್ಟಬಾರದಾಗಿತ್ತೆ ಎಂದು ಯಾರಾದರೂ ಕೇಳುವರು. ನಾವೂ ಕೇಳಿದೆವು. ಇದಕ್ಕೆ ಉತ್ತರವು ಯಂತ್ರಶಾಸ್ತ್ರದಲ್ಲಿಲ್ಲ, ಮನೆತನದ ವ್ಯವಹಾರದಲ್ಲಿದೆ. ಏರ್‌ಬಸ್ ಎಂಬುದು ಒಂದು ಅವಿಭಕ್ತ ಕುಟುಂಬ. 1970ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಸೇರಿ ಆರಂಭಿಸಿದ ಸಂಸಾರಕ್ಕೆ ಆಮೇಲೆ ಸ್ಪೇನ್ ಬಂದಿತು, 1979ರಲ್ಲಿ ಬ್ರಿಟನ್ನೂ ಬಂದಿತು. ಕೂಡು ಮನೆಯಲ್ಲಿ ಹಬ್ಬದಡುಗೆಯ ದಿನ ಒಬ್ಬ ಸೊಸೆಗೆ ಹೋಳಿಗೆ, ಒಬ್ಬಳಿಗೆ ಸಾರು, ಒಬ್ಬಳಿಗೆ ಕೋಸಂಬರಿ ಎಂದು ಹಂಚುವುದಿಲ್ಲವೆ? ಎಲ್ಲವನ್ನೂ ಒಬ್ಬಳೇ ಮಾಡಿದರೆ ಬೇಗ ಮುಗಿಯಬಹುದು, ಸೌದೆಯೂ ಉಳಿಯಬಹುದು. ಆದರೆ ಉಳಿದವರ ಮುಖ ಸಣ್ಣದಾಗುವುದು. ಹಣ ಹಾಕಿದ ಪ್ರತಿಯೊಂದು ದೇಶವೂ ತನ್ನ ಕೆಲಸಗಾರರಿಗೆ ಕೆಲಸ ಬೇಕೆಂದು ಕೇಳಿತು. ಅದರಂತೆ ರೆಕ್ಕೆಗಳು ವೇಲ್ಸ್ ಸೀಮೆಯ ಬ್ರಾಟನ್ನಿಗೆ, ಒಡಲಿನ ಮುಂಭಾಗ ಹಿಂಭಾಗಗಳು ಜರ್ಮನಿಯ ಹ್ಯಾಂಬರ್ಗಿಗೆ, ಮೂತಿಯೂ ನಡುಭಾಗವೂ ಫ್ರಾನ್ಸಿನ ಸಾಂ-ನಜೇರ್ ಬಂದರಿಗೆ, ಬಾಲದ ಅಡ್ಡರೆಕ್ಕೆ ಸ್ಪೇನಿನ ಕಾದಿಜ್ ಕಡಲತೀರಕ್ಕೆ ಪಾಲಾಗಿ ಹೋದುವು. ಎಲ್ಲವನ್ನೂ ಕೂಡಿಸುವ ಹಿರಿತನ ಮಾತ್ರ ತೂಲೂಜ್ ನಗರದ್ದು.

ತೂಲೂಜ್ ಇರುವುದು ಕಡಲಿನ ಮೇಲಲ್ಲ. ತೊಡಕೆಲ್ಲ ಹುಟ್ಟಿದ್ದು ಇಲ್ಲಿ. ಚಿಕ್ಕ ವಿಮಾನಗಳ ಭಾಗಗಳನ್ನು ಸಾಗಿಸುವುದಕ್ಕೆ ಏರ್‌ಬಸ್‌ನವರ ಬಳಿ ಬೆಲೂಗಾ ಎಂಬ ದಪ್ಪ ಹೊಟ್ಟೆಯ ಸರಕು ವಿಮಾನ ಇದ್ದಿತು. ಎ-380ರ ಬಾಲದ ನಿಲುರೆಕ್ಕೆಯೂ ಜರ್ಮನಿಯ ಸ್ಟಾಡ್‌ನಿಂದ ಅದರಲ್ಲಿಯೇ ಹಾರಿಬಂದಿತು. ಆದರೆ ಬೆಲೂಗಾದ ಹೊಟ್ಟೆಯ ಅಗಲ ಸುಮಾರು 7 ಮೀಟರು. ಎ-380ರ ಒಡಲು 7 ಮೀಟರಿಗಿಂತ ಅಗಲ, 8 ಮೀಟರಿಗಿಂತ ಎತ್ತರ. ಅಳೆದರೆ ಹಿಡಿಸದು. ರೈಲಿನ ಮಾತಂತೂ ಬೇಡ. ಮೊದಲನೆಯ ಸುರಂಗದಲ್ಲಿಯೇ ಕಥೆ ಮುಗಿಯುವುದು. ಆದಕಾರಣ ಕಡಲು, ಹೊಳೆ, ರಸ್ತೆ ಈ ಮೂರನ್ನೂ ಒಂದಕ್ಕೊಂದು ಹೆಣೆದು ಹೊಸದಾದ ಒಂದು ದಾರಿಯನ್ನು ಮಾಡಬೇಕಾಯಿತು.

ರೆಕ್ಕೆಯ ಪಯಣವನ್ನೇ ನೋಡಿರಿ. ಒಂದೊಂದು ರೆಕ್ಕೆಯೂ ಸುಮಾರು 36 ಮೀಟರು. ಬ್ರಾಟನ್ನಿನ ಕಾರ್ಖಾನೆಯಿಂದ ಅದನ್ನು ಪಕ್ಕದ ಡೀ ನದಿಗೆ ತಂದು, ಚಪ್ಪಟೆ ತಳದ ದೋಣಿಯ ಮೇಲಿರಿಸಿ, ಉಬ್ಬರ ಇಳಿತಗಳ ಗಳಿಗೆ ನೋಡಿಕೊಂಡು ಸೇತುವೆಗಳ ಅಡಿಯಲ್ಲಿ ನುಸುಳಿಸಿ ಮಾಸ್ಟಿನ್ ಎಂಬ ರೇವಿಗೆ ಸೇರಿಸುತ್ತಿದ್ದರು. ಅಲ್ಲಿ ದೊಡ್ಡ ಹಡಗು. ‘ವಿಲ್ ದ ಬೋರ್ಡೋ’ ಎಂಬ 154 ಮೀಟರು ಉದ್ದದ ಹಡಗನ್ನು ಈ ಕೆಲಸಕ್ಕಾಗಿಯೇ ಚೀನಾದಲ್ಲಿ ಕಟ್ಟಿಸಿದ್ದರು. ಮುಂದೆ ಇನ್ನೂ ಎರಡು ಹಡಗುಗಳು ಜೊತೆಗೂಡಿದುವು. ಇವು ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಗಾಡಿಯಂತೆ ಒಂದೊಂದು ಬಂದರಿನಲ್ಲಿ ನಿಂತು, ಒಬ್ಬೊಬ್ಬರನ್ನು ಹತ್ತಿಸಿಕೊಂಡು, ಫ್ರಾನ್ಸಿನ ಪಡುಗಡಲ ತೀರದ ಪೋಯಾಕ್ ಎಂಬ ಊರಿಗೆ ಬರುತ್ತಿದ್ದುವು.

ನಾವು ನೋಡಲು ಆರಂಭಿಸಿದ್ದು ಇಲ್ಲಿಂದಲೇ. ನಮ್ಮ ಸೋದರಳಿಯನೊಬ್ಬನು ತೂಲೂಜ್‌ನಲ್ಲಿ ಇಂಜಿನಿಯರನಾಗಿದ್ದನು. “ಮಾವ, ಎಲ್ಲರೂ ಪ್ಯಾರಿಸ್ಸಿನ ಗೋಪುರವನ್ನು ನೋಡುತ್ತಾರೆ. ನೀವು ನಮ್ಮ ಕಡೆಯ ತೇರನ್ನು ನೋಡಿ ಹೋಗಿ” ಎಂದು ಅವನು ಬರೆದ ಮೇಲೆ ನಾವು ತಡೆಯಲಾರದೆ ಹೊರಟೆವು. ಜಿರೋಂದ್ ಅಳಿವೆಯ ದಂಡೆಯಲ್ಲಿರುವ ಪೋಯಾಕ್ ದ್ರಾಕ್ಷಿಯ ನಾಡು. ಅಲ್ಲಿಯ ದ್ರಾಕ್ಷಾಮದ್ಯಕ್ಕೆ ಲೋಕದಲ್ಲೆಲ್ಲ ಹೆಸರು. ನಮಗೆ ಅದರ ರುಚಿ ತಿಳಿಯದಾದುದರಿಂದ ಆ ವಿಷಯವಾಗಿ ಏನೂ ಹೇಳಲಾರೆವು. ದ್ರಾಕ್ಷಿಯ ತೋಟಗಳು ಸಾಲುಸಾಲಾಗಿ ಬಂದು ನೀರಿನ ಬಳಿ ನಿಂತಿವೆ. ಆ ನೀರಿನಲ್ಲಿ ಹಡಗಿನಿಂದ ಇಳಿದ ವಿಮಾನದ ಭಾಗಗಳನ್ನು ದೋಣಿಗೆ ಏರಿಸಿ, ಗಾರೋನ್ ಹೊಳೆಯ ಮೇಲ್ಗಡೆಗೆ 95 ಕಿಲೋಮೀಟರು ಸಾಗಿಸಿ ಲಾಂಗೋನ್ ಎಂಬ ಊರಿಗೆ ಮುಟ್ಟಿಸುತ್ತಿದ್ದರು.

ನಡುವೆ ಬೋರ್ಡೋ ನಗರ. ಅಲ್ಲಿ 1822ರಲ್ಲಿ ತೆರೆದ ಹಳೆಯ ಕಲ್ಲಿನ ಸೇತುವೆಯೊಂದಿದೆ, 17 ಕಮಾನುಗಳು. ಆ ಕಮಾನಿನ ಕೆಳಗೆ ಈ ದೋಣಿ ಹಾಯಬೇಕು. ಹೊಳೆ ತುಂಬಿದ್ದರೆ ಹೊರೆಯ ತಲೆ ಕಲ್ಲಿಗೆ ತಗಲುವುದು. ನೀರು ಇಳಿದಿದ್ದರೆ ದೋಣಿಯ ತಳ ಕೆಸರಿಗೆ ತಗಲುವುದು. ಎರಡರ ನಡುವಿನ ಗಳಿಗೆಯನ್ನು ಕಾದು ನುಗ್ಗಿಸಬೇಕು. ಪಂಚಾಂಗ ನೋಡಿ ಹೊಸಲು ದಾಟುವವರನ್ನು ನಗುವವರುಂಟು. ಶಬ್ದದ ವೇಗಕ್ಕೆ ಹತ್ತಿರ ಹಾರಬಲ್ಲ ವಿಮಾನವೂ ಚಂದ್ರನ ಚಲನೆಯನ್ನು ಲೆಕ್ಕಹಾಕಿ ಈ ಸೇತುವೆಯನ್ನು ದಾಟಬೇಕಾಗಿತ್ತೆಂದು ತಿಳಿದಾಗ ನಮಗೆ ಒಂದು ಬಗೆಯ ಸಮಾಧಾನವೇ ಆಯಿತು.

ಈ ಹೊಳೆಯ ವಿಷಯವಾಗಿ ಇನ್ನೊಂದು ಮಾತು. 15–16ನೆಯ ಶತಮಾನಗಳಲ್ಲಿ ತೂಲೂಜ್ ಸೀಮೆಯವರು ಪಾಸ್ತೆಲ್ ಎಂಬ ಗಿಡದ ಎಲೆಯನ್ನು ಅರೆದು ಉಂಡೆ ಕಟ್ಟಿ ನೀಲಿ ಬಣ್ಣವನ್ನು ಮಾಡುತ್ತಿದ್ದರು. ಆ ಬಣ್ಣದ ಸರಕು ಇದೇ ಗಾರೋನ್ ಹೊಳೆಯ ದಾರಿ ಹಿಡಿದು ಬೋರ್ಡೋಗೆ ಇಳಿದು ಅಲ್ಲಿಂದ ಪರದೇಶಗಳಿಗೆ ಹೋಗುತ್ತಿತ್ತು. ಆ ವ್ಯಾಪಾರದಿಂದ ಬಂದ ಐಶ್ವರ್ಯದಲ್ಲಿ ಕಟ್ಟಿದ ಸಾಹುಕಾರರ ಮಹಲುಗಳು ತೂಲೂಜ್‌ನಲ್ಲಿ ಈಗಲೂ ನಿಂತಿವೆ. ಆ ವ್ಯಾಪಾರ ಹಾಳಾದುದಕ್ಕೆ ಅಲ್ಲಿಯ ಒಳಜಗಳಗಳು ಒಂದು ಕಾರಣ. ಹಿಂದೂದೇಶದಿಂದ ಹೋದ ನೀಲಿಯು ಮತ್ತೊಂದು. ನಮ್ಮವರ ನೀಲಿ ಅಗ್ಗವಾಗಿಯೂ ಗಾಢವಾಗಿಯೂ ಇದ್ದಿತು. ಹೀಗೆ ನಾವು ಕೆಡಿಸಿದ ಊರಿಗೆ ನಾವೇ ಅತಿಥಿಗಳಾಗಿ ಹೋದೆವೆಂದು ಅಳಿಯನೊಡನೆ ಹೇಳಿ ನಕ್ಕೆವು.

ಲಾಂಗೋನಿನಿಂದ ತೂಲೂಜ್‌ಗೆ ಸುಮಾರು 240 ಕಿಲೋಮೀಟರು ನೆಲದ ದಾರಿ. ಮೋಟಾರಿನಲ್ಲಿ ಮೂರು ಗಂಟೆಯ ಪ್ರಯಾಣ. ವಿಮಾನದ ಭಾಗಗಳಿಗೆ ಮೂರು ರಾತ್ರಿಗಳದು. ಹೆದ್ದಾರಿಯಲ್ಲಿ ಹೋಗೋಣವೆಂದರೆ ಮೇಲುಸೇತುವೆಗಳು ಅಡ್ಡ. ಆದ್ದರಿಂದ ಪೈನ್ ಮರದ ಲಾಂಡ್ ಕಾಡಿನ ನಡುವೆ, ಸೂರ್ಯಕಾಂತಿಯ ಹೊಲಗಳಿರುವ ಜೆರ್ ಸೀಮೆಯ ದಿಣ್ಣೆ ತಗ್ಗುಗಳ ಮೇಲೆ, ಹಳ್ಳಿಗಾಡಿನ ರಸ್ತೆಗಳನ್ನೇ ಹಿಡಿದು ಹೋಗಬೇಕಾಯಿತು. ಫ್ರಾನ್ಸಿನ ಸರ್ಕಾರವು ಏರ್‌ಬಸ್‌ನವರೊಡನೆ ಸೇರಿ ಈ ದಾರಿಯನ್ನು ಸಿದ್ಧಪಡಿಸಿತು. ರಸ್ತೆಯ ಅಂಚುಗಳನ್ನು ಅಗಲಿಸಿದರು. ತಿರುವುಗಳನ್ನು ನೇರಮಾಡಿದರು. ದಾರಿದೀಪಗಳನ್ನೂ ಊರ ಹೆಸರಿನ ಫಲಕಗಳನ್ನೂ ಬೇಕಾದಾಗ ಕಿತ್ತು ಮತ್ತೆ ನೆಡುವಂತೆ ಮಾಡಿದರು. ತಂತಿಗಳನ್ನು ಎತ್ತರಿಸಿದರು. ಇಕ್ಕಟ್ಟಾದ ಹಲವು ಊರುಗಳಿಗೆ ಹೊರಗಿನಿಂದ ಸುತ್ತುದಾರಿ ಹಾಕಿದರು. ಮರಗಳ ಕೊಂಬೆಗಳನ್ನು ಸವರಿದರು. ಎಲ್ಲೆಲ್ಲಿ ಸವರಿದರೆ ಸಾಲದೋ ಅಲ್ಲಿ ಕಡಿದರು. ಇದನ್ನು ಒಪ್ಪದವರು ಅಲ್ಲಿಯೂ ಇದ್ದರು. ಒಂದು ಕಾರ್ಖಾನೆಯ ಲಾಭಕ್ಕಾಗಿ ನಮ್ಮ ಹಳ್ಳಿಯ ದಾರಿಯೇಕೆ ಬದಲಾಗಬೇಕೆಂದು ಅವರು ಕೇಳಿದರು. ಅದು ಕೇಳತಕ್ಕ ಪ್ರಶ್ನೆಯೇ.

ಇಂಥದೇ ಒಂದು ಮೆರವಣಿಗೆ 2012ರ ಅಕ್ಟೋಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪಟ್ಟಣದಲ್ಲಿ ನಡೆಯಿತು. ಎಂಡೆವರ್ ಎಂಬ ವ್ಯೋಮನೌಕೆಯನ್ನು ವಿಮಾನನಿಲ್ದಾಣದಿಂದ ವಸ್ತುಸಂಗ್ರಹಾಲಯಕ್ಕೆ ಬೀದಿಯ ಮೇಲೆ ಎಳೆದುಕೊಂಡು ಹೋದರು. ದೂರ 19 ಕಿಲೋಮೀಟರು. ಅಷ್ಟಕ್ಕೆ ಸುಮಾರು 400 ಬೀದಿಮರಗಳು ಉರುಳಿದುವು. ಬದಲಿಗೆ ಹೆಚ್ಚು ಸಸಿಗಳನ್ನು ನೆಡುವೆವೆಂದು ಮಾತುಕೊಟ್ಟರು. ನೆಳಲು ಕಳೆದುಕೊಂಡ ಬೀದಿಯವರಿಗೆ ಸಸಿಯೆಂಬುದು ಇಪ್ಪತ್ತು ವರುಷ ಕಳೆದ ಮೇಲೆ ಬರುವ ಹಣದಂತೆ. ಅದು ಒಂದೇ ಸಲ ನಡೆದು ಮುಗಿದ ಉತ್ಸವ, ಇದು ವರುಷಗಟ್ಟಲೆ ನಡೆದ ದಿನಚರಿ. ಹೋಲಿಸುವಾಗ ಈ ಭೇದವನ್ನು ಮರೆಯಬಾರದು.

ಇನ್ನು ಲೆವಿನ್ಯಾಕ್. ತೂಲೂಜ್‌ಗೆ ಪಶ್ಚಿಮದಲ್ಲಿ, ಸಾವ್ ಎಂಬ ಸಣ್ಣ ಹೊಳೆಯ ಬಳಿ ಇರುವ ಈ ಗ್ರಾಮದಲ್ಲಿ ಸುಮಾರು 2000 ಜನರ ವಾಸ. ಇಟ್ಟಿಗೆಯ ಮನೆಗಳು, ಮರದ ಕಿಟಕಿ ಬಾಗಿಲುಗಳು, ಒಂದು ರೊಟ್ಟಿಯಂಗಡಿ, ಒಂದು ಚರ್ಚು. ಹಲವು ಊರುಗಳಿಗೆ ದೊರೆತ ಸುತ್ತುದಾರಿ ಈ ಊರಿಗೆ ದೊರೆಯಲಿಲ್ಲ. ಎ-380ರ ಭಾಗಗಳು ಇಲ್ಲಿ ಊರ ನಡುಬೀದಿಯಲ್ಲಿಯೇ ಸಾಗಬೇಕಾಯಿತು. ಹೊರೆಯ ಅಗಲ ಸುಮಾರು 8 ಮೀಟರು. ಅತಿ ಇಕ್ಕಟ್ಟಾದ ಜಾಗದಲ್ಲಿ ಹೊರೆಗೂ ಮನೆಯ ಗೋಡೆಗೂ ನಡುವೆ ಉಳಿಯುತ್ತಿದ್ದುದು ಒಂದು ಮೊಳದಷ್ಟು.

ನಾವು ಹೋದುದು ಅಕ್ಟೋಬರಿನ ಒಂದು ಸಂಜೆ. ಆ ಬೀದಿಯಲ್ಲಿ ವಾಸವಾಗಿದ್ದ ಒಬ್ಬ ವೃದ್ಧೆ ಅಳಿಯನಿಗೆ ಪರಿಚಿತರು. ತಮ್ಮ ಮೇಲಂತಸ್ತಿನ ಕಿಟಕಿಯಲ್ಲಿ ನಮಗೆ ಜಾಗ ಕೊಟ್ಟರು. ಬೀದಿಯಲ್ಲಿ ನಿಂತಿದ್ದ ಮೋಟಾರುಗಳನ್ನೆಲ್ಲ ಅವರವರೇ ಬೇರೆ ಕಡೆಗೆ ಒಯ್ದಿದ್ದರು. ಆಕೆ ಕಿಟಕಿಯ ಹೊರಗೆ ತೂಗಿದ್ದ ಹೂವಿನ ಕುಂಡಗಳನ್ನು ಒಂದೊಂದಾಗಿ ಒಳಕ್ಕೆ ತೆಗೆದಿಟ್ಟರು. ಇದೆಲ್ಲ ಸಂಜೆಯ ದೀಪ ಹಚ್ಚುವಷ್ಟೇ ಸಹಜವಾಗಿ ನಡೆಯಿತು. ಮೊದಮೊದಲು ಪ್ರತಿ ಸಾರಿಯೂ ಎದ್ದು ನೋಡುತ್ತಿದ್ದೆವು, ಮಕ್ಕಳನ್ನೂ ಎಬ್ಬಿಸುತ್ತಿದ್ದೆವು. ಈಗ ಮಲಗಿಬಿಡುತ್ತೇವೆ ಎಂದು ಆಕೆ ಹೇಳಿದರು. ಅಂದು ನಮಗಾಗಿ ಎಚ್ಚರವಾಗಿದ್ದರು. ನಡುವೆ ಬಿಸಿ ಹಾಲು ತಂದುಕೊಟ್ಟರು.

ನಡುರಾತ್ರಿಯ ಸುಮಾರಿಗೆ ಮೊದಲು ಪೊಲೀಸರ ಮೋಟಾರು ಸೈಕಲ್ಲುಗಳು ಬಂದುವು. ಅವುಗಳ ನೀಲಿ ಬೆಳಕು ಗೋಡೆಗಳ ಮೇಲೆ ತಿರುಗುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೀದಿಯ ಆ ತುದಿಯಲ್ಲಿ ಆಕಾಶ ಮುಚ್ಚಿಕೊಂಡಂತಾಯಿತು.

ಬಂದುದು ಒಡಲಿನ ಮುಂಭಾಗ. ನಮ್ಮ ಕಿಟಕಿಯ ಮಟ್ಟಕ್ಕೆ ಸರಿಯಾಗಿ ಅದರ ಗೋಡೆ. ಬಣ್ಣ ಬಳಿದಿರಲಿಲ್ಲ, ಲೋಹಕ್ಕೆ ಹಚ್ಚುವ ಹಸುರು ಲೇಪ ಮಾತ್ರ. ಹೆಸರಿಲ್ಲ, ದೇಶದ ಗುರುತಿಲ್ಲ. ಸಣ್ಣ ಸಣ್ಣ ಕಿಟಕಿಗಳ ಸಾಲು ನಮ್ಮ ಎದುರಿಗೆ ಒಂದೊಂದಾಗಿ ಸರಿಯಿತು. ಮುಂದೆ ಮೋಡದ ಮೇಲಿಂದ ಭೂಮಿಯನ್ನು ನೋಡಲಿರುವ ಆ ಕಿಟಕಿಗಳು ಅಂದು ಆ ವೃದ್ಧೆಯ ಮಲಗುವ ಕೋಣೆಯನ್ನು ನೋಡಿಕೊಂಡು ಹೋದುವು. ಕೈ ನೀಡಿದ್ದರೆ ಮುಟ್ಟಬಹುದಾಗಿತ್ತು. ನಾವು ನೀಡಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಅತಿಥಿಗಳಾಗಿದ್ದೆವು.

ವೇಗವೆಂದರೆ ಮನುಷ್ಯನ ನಡಿಗೆಯದು. ಅದು ಸತ್ಯವೆಂಬುದಕ್ಕೆ ಪಕ್ಕದಲ್ಲಿ ಮನುಷ್ಯರು ನಡೆದೇ ಬರುತ್ತಿದ್ದರು. ಹೊಳೆಯುವ ಅಂಗಿ ತೊಟ್ಟವರು ಗೋಡೆಗೂ ಹೊರೆಗೂ ನಡುವೆ ಕಣ್ಣಿಟ್ಟು, ಕೈ ಎತ್ತಿ ಇಳಿಸಿ, ಹಿಂದಿನ ಗಾಲಿಗಳನ್ನು ಇಷ್ಟು ಅತ್ತ ಇಷ್ಟು ಇತ್ತ ತಿರುಗಿಸುತ್ತಿದ್ದರು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ರಥಬೀದಿಯ ಮೂಲೆಯನ್ನು ತಿರುಗುವುದನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಅಲ್ಲಿಯೂ ಸಾವಿರ ಜನ ಹಗ್ಗವನ್ನೆಳೆದರೂ ತೇರು ಎತ್ತ ಹೋಗಬೇಕೆಂಬುದನ್ನು ನಿರ್ಣಯಿಸುವವನು ಗಾಲಿಯ ಬಳಿ ಮರದ ತಡೆಯನ್ನು ಹಿಡಿದು ಬಗ್ಗಿರುವ ಒಬ್ಬನೇ. ಅವನ ಹೆಸರನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಜಯಘೋಷವಿಲ್ಲ, ವಾದ್ಯವಿಲ್ಲ. ಮಲಗಿರುವ ಊರಿಗೆ ನಿದ್ದೆ ಕೆಡದಿರಲೆಂದು ಕೆಲಸಗಾರರು ತಗ್ಗಿದ ದನಿಯಲ್ಲಿಯೇ ಮಾತನಾಡುತ್ತಿದ್ದರು. ಎಂಜಿನ್ನಿನ ಗುರುಗುಟ್ಟುವಿಕೆಯೊಂದೇ ನೆಲದಿಂದ ಪಾದಕ್ಕೆ ಹತ್ತುತ್ತಿತ್ತು.

ಒಂದರ ಹಿಂದೆ ಒಂದರಂತೆ ಒಟ್ಟು ಆರು ಗಾಡಿಗಳು: ಒಡಲಿನ ಮೂರು ತುಂಡು, ಎರಡು ರೆಕ್ಕೆ, ಬಾಲದ ಅಡ್ಡರೆಕ್ಕೆ ಒಂದು. ರೆಕ್ಕೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿದ್ದರು. ಅವು ಮನೆಗಳ ಸೂರಿಗಿಂತ ಮೇಲಕ್ಕೆ ಹೋಗಿ, ಬುಡದಲ್ಲಿ ಒಂದು ಮನೆಯ ಬಾಗಿಲಿನಲ್ಲಿದ್ದರೆ ತುದಿಯು ನಾಲ್ಕನೆಯ ಮನೆಯ ಬಾಗಿಲಿನಲ್ಲಿರುತ್ತಿತ್ತು. ಎಲ್ಲವೂ ದಾಟುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕಡೆಯ ಗಾಡಿ ಹೋದ ಮೇಲೆ ಕೆಲಸಗಾರರು ಕಿತ್ತಿದ್ದ ಫಲಕಗಳನ್ನು ಮತ್ತೆ ನೆಟ್ಟರು. ಬೆಳಿಗ್ಗೆ ರೊಟ್ಟಿ ಕೊಳ್ಳಲು ಬಂದವರಿಗೆ ರಾತ್ರಿ ಏನೋ ನಡೆಯಿತೆಂಬುದಕ್ಕೆ ಕುರುಹೇ ಇರಲಿಲ್ಲ.

ಅಂದು ನಮ್ಮ ಮನಸ್ಸಿನಲ್ಲಿ ಉಳಿದುದು ವಿಮಾನದ ಗಾತ್ರವಲ್ಲ. ಈ ಊರಿನವರು ಇದನ್ನು ಹೇಗೆ ಸಹಿಸಿದರೆಂಬ ಪ್ರಶ್ನೆ. 2012ರಲ್ಲಿಯೂ 2014ರಲ್ಲಿಯೂ ವರುಷಕ್ಕೆ 30 ವಿಮಾನಗಳು ಗ್ರಾಹಕರ ಕೈಸೇರಿದುವು. ಎಂದರೆ ತಿಂಗಳಿಗೆ ಎರಡು ಮೂರು ಸಾರಿ ಈ ಬೀದಿಯಲ್ಲಿ ಮೆರವಣಿಗೆ. ಇದರಿಂದ ಆ ವೃದ್ಧೆಗೆ ಬಂದ ಭಾಗ್ಯವೇನು? ನೆರೆಹೊರೆಯ ಮಕ್ಕಳು ಹಲವರು ತೂಲೂಜ್‌ನ ಕಾರ್ಖಾನೆಗಳಲ್ಲಿ ಅನ್ನ ಕಂಡವರೆಂಬುದು ನಿಜ. ಆದರೆ ಅನ್ನವೊಂದೇ ಕಾರಣವೆಂದು ನಮಗೆ ತೋರಲಿಲ್ಲ. ಹೊರೆಯು ಹೇಳಿದ ದಿನ ಬರುತ್ತಿತ್ತು. ಹೇಳಿದ ಹೊತ್ತಿಗೆ ಬರುತ್ತಿತ್ತು. ಹಗಲಿನ ಬಾಳಿಗೆ ಅಡ್ಡಬಾರದೆ ರಾತ್ರಿ ಬರುತ್ತಿತ್ತು. ಬೀದಿಯಲ್ಲಿ ತಲೆತಗ್ಗಿಸಿ ನಡೆಯುತ್ತಿತ್ತು. ಗೋಡೆಗಳು ತಮ್ಮ ಜಾಗದಲ್ಲಿಯೇ ಇದ್ದುವು. ಹೊರೆಯೇ ಮೈ ಹಿಡಿ ಮಾಡಿಕೊಂಡು ನುಸುಳಿತು. ನಮ್ಮ ಊರುಗಳಲ್ಲಿ ರಸ್ತೆ ಅಗಲಿಸುವವರು ಒಂದು ಬೆಳಿಗ್ಗೆ ಬಂದು, ಯಾರನ್ನೂ ಕೇಳದೆ, ಜಗುಲಿಯ ಗೋಡೆಗೆ ಕೆಂಪು ಗೀಟು ಎಳೆದು ಹೋಗುವರು. ಆ ಗೀಟನ್ನು ನೋಡಿಕೊಂಡೇ ಮನೆಯವರು ವರುಷಗಟ್ಟಲೆ ಉಣ್ಣಬೇಕು. ಒಂದು ಮೊಳದ ಅಂತರವನ್ನು ಉಳಿಸುವುದಕ್ಕಾಗಿ ಅಷ್ಟು ಜನ ನಡುರಾತ್ರಿಯಲ್ಲಿ ಕಣ್ಣಿಗೆ ಎಣ್ಣೆ ಹಾಕಿಕೊಂಡು ನಡೆದುದನ್ನು ಕಂಡಾಗ ನಮಗೆ ಆ ಗೀಟಿನ ನೆನಪಾಗದಿರಲಿಲ್ಲ.

ಮರುದಿನ ತೂಲೂಜ್‌ನ ಬ್ಲಾನ್ಯಾಕ್ ಬಡಾವಣೆಯಲ್ಲಿರುವ ಜೋಡಣೆಯ ಶಾಲೆಯನ್ನು ನೋಡಿದೆವು. ಅಲ್ಲಿ ನೋಡುವುದು ಬಹಳ, ಬರೆಯುವುದು ಸ್ವಲ್ಪ. ಎಲ್ಲವೂ ಬೆಳಕು, ಶುಚಿ, ಎತ್ತರ. ಅಳಿಯ ಹೇಳಿದ ಒಂದು ಸಂಗತಿ ಮಾತ್ರ ಗೃಹಸ್ಥರೆಲ್ಲರೂ ಕೇಳತಕ್ಕದ್ದು. ಮೊದಲ ವಿಮಾನವು 2005ರ ಏಪ್ರಿಲ್ 27ರಂದು ಹಾರಿದ ಮೇಲೆ ಉಳಿದವನ್ನು ಬೇಗ ಬೇಗ ಕಟ್ಟಿಕೊಡುವುದೆಂದು ಎಲ್ಲರೂ ನೆಚ್ಚಿದ್ದರು. ಒಂದೊಂದು ವಿಮಾನದೊಳಗೂ ಸುಮಾರು 500 ಕಿಲೋಮೀಟರು ಉದ್ದದ ವಿದ್ಯುತ್ತಂತಿ ಇರುವುದು. ಹ್ಯಾಂಬರ್ಗಿನಿಂದ ಬಂದ ಒಡಲಿನ ಭಾಗಗಳಲ್ಲಿ ತಂತಿಗಳನ್ನು ಎಳೆಯಲು ನೋಡಿದರೆ ಅವು ಕೂಡುವ ಜಾಗಕ್ಕೆ ಎಟುಕಲಿಲ್ಲ! ಜರ್ಮನಿಯವರೂ ಫ್ರಾನ್ಸಿನವರೂ ನಕ್ಷೆ ಬರೆಯಲು ಒಂದೇ ಕಂಪ್ಯೂಟರ್ ತಂತ್ರಾಂಶವನ್ನು ಬಳಸಿದ್ದರು. ಆದರೆ ಒಬ್ಬರದು ಹಳೆಯ ಆವೃತ್ತಿ, ಒಬ್ಬರದು ಹೊಸದು. ತಂತಿಯ ತಿರುವುಗಳ ಲೆಕ್ಕ ಎರಡರಲ್ಲಿಯೂ ಒಂದಾಗಲಿಲ್ಲ. 2006ರಲ್ಲಿ ಇದು ಬಯಲಾಗಿ ಕೆಲಸ ಸುಮಾರು ಎರಡು ವರುಷ ಹಿಂದೆ ಬಿದ್ದಿತು. ದೊಡ್ಡ ಅಧಿಕಾರಿಗಳು ಹುದ್ದೆ ಬಿಟ್ಟರು. ಮೊದಲನೆಯ ವಿಮಾನವನ್ನು ಸಿಂಗಪುರದವರಿಗೆ ಒಪ್ಪಿಸುವಾಗ 2007ರ ಅಕ್ಟೋಬರು. ಕಡಲು, ಹೊಳೆ, ಕಮಾನು, ಹಳ್ಳಿ ಇವೆಲ್ಲವನ್ನೂ ಗೆದ್ದು ಬಂದ ಒಡಲು ಕೊನೆಗೆ ಒಂದು ಗೇಣು ತಂತಿಗೆ ಸೋತಿತು. ಕೂಡು ಮನೆಯಲ್ಲಿ ಒಬ್ಬರ ಸೇರು ದೊಡ್ಡದು ಇನ್ನೊಬ್ಬರದು ಚಿಕ್ಕದಾದರೆ ಆಗುವ ಫಜೀತಿಯೇ ಇದು. ಪಾಲು ಹಂಚುವಾಗ ಅಳತೆಯನ್ನು ಒಂದು ಮಾಡಿಕೊಳ್ಳಲು ಮರೆತಿದ್ದರು.

ಬೆಂಗಳೂರಿನವರಿಗೆ ಈ ಪಾಲಿನ ವ್ಯವಹಾರ ತೀರ ಅಪರಿಚಿತವಲ್ಲ. 1940ರ ಡಿಸೆಂಬರಿನಲ್ಲಿ ಹುಟ್ಟಿದ ನಮ್ಮ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ ಏರ್‌ಬಸ್‌ನ ಚಿಕ್ಕ ವಿಮಾನವಾದ ಎ-320ಕ್ಕೆ ಬಾಗಿಲುಗಳನ್ನು ಮಾಡಿಕೊಟ್ಟಿದೆ. ಬಾಗಿಲನ್ನು ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಬಹುದು. ಅದಕ್ಕಾಗಿ ಯಾವ ಹಳ್ಳಿಯವರೂ ಹೂವಿನ ಕುಂಡವನ್ನು ಒಳಕ್ಕೆ ತೆಗೆಯಬೇಕಾಗಲಿಲ್ಲ.

ಇಷ್ಟೆಲ್ಲ ಪರಿಶ್ರಮದ ಆಯುಷ್ಯ ಎಷ್ಟೆಂದರೆ, ಹದಿನಾರು ವರುಷಗಳು. ಎರಡು ಎಂಜಿನ್ನಿನ ಹೊಸ ವಿಮಾನಗಳು ಅಷ್ಟೇ ದೂರವನ್ನು ಕಡಮೆ ಎಣ್ಣೆಯಲ್ಲಿ ಹಾರತೊಡಗಿದುವು. ನಾಲ್ಕು ಎಂಜಿನ್ನಿನ ಈ ಮಹಾಕಾಯವನ್ನು ಕೊಳ್ಳುವವರು ಕಡಮೆಯಾದರು. 2014ರಲ್ಲಿ 30 ಆಗಿದ್ದುದು 2017ರಲ್ಲಿ 15ಕ್ಕೆ, 2018ರಲ್ಲಿ 12ಕ್ಕೆ, 2019ರಲ್ಲಿ 8ಕ್ಕೆ ಇಳಿಯಿತು. 2019ರ ಫೆಬ್ರವರಿಯಲ್ಲಿ, ಇನ್ನು ಇದನ್ನು ಕಟ್ಟುವುದಿಲ್ಲವೆಂದು ಏರ್‌ಬಸ್‌ನವರು ಸಾರಿದರು. ಅದಕ್ಕೆ ಸರಿಯಾಗಿ ಒಂದು ವರುಷಕ್ಕೆ, 2020ರ ಫೆಬ್ರವರಿಯ ಒಂದು ರಾತ್ರಿ, ಕಡೆಯ ವಿಮಾನದ ಭಾಗಗಳು ಲೆವಿನ್ಯಾಕಿನ ಬೀದಿಯನ್ನು ಹಾದುವು. ಅಂದು ಊರು ಮಲಗಲಿಲ್ಲ. ಸುತ್ತಣ ಸೀಮೆಯಿಂದಲೂ ಸಾವಿರಾರು ಜನ ಬಂದು ಬೀದಿಯ ಇಕ್ಕೆಲದಲ್ಲಿ ನಿಂತು ಬೀಳ್ಕೊಟ್ಟರು. ಯಾವುದು ಬರಬಾರದೆಂದು ಕೆಲವರು ಒಮ್ಮೆ ವಾದಿಸಿದ್ದರೋ ಅದು ಹೋಗುವಾಗ ಊರಿಗೆ ಊರೇ ಹೊರಗೆ ನಿಂತಿತು. ನಮಗೆ ಹೋಗಲಾಗಲಿಲ್ಲ, ಅಳಿಯನು ಅಲ್ಲಿದ್ದು ಚಿತ್ರಗಳನ್ನು ಕಳುಹಿಸಿದನು. ಆ ಕಡೆಯ ವಿಮಾನವು 2021ರ ಡಿಸೆಂಬರಿನಲ್ಲಿ ದುಬೈಯ ಎಮಿರೇಟ್ಸ್ ಕಂಪನಿಯವರ ಕೈಸೇರಿತು. ಒಟ್ಟು 251 ವಿಮಾನಗಳು ಗ್ರಾಹಕರಿಗೆ ಸಂದಿದ್ದುವು. ಅವುಗಳಲ್ಲಿ 123 ಈ ಕಂಪನಿಯವರಿಗೇ. ಒಂದಕ್ಕೆ ಆರು ಹೊರೆಯಂತೆ ಲೆಕ್ಕ ಹಾಕಿದರೆ ಲೆವಿನ್ಯಾಕಿನ ಕಿಟಕಿಗಳ ಮುಂದೆ ಒಂದೂವರೆ ಸಾವಿರಕ್ಕೂ ಹೆಚ್ಚು ಹೊರೆಗಳು ಹಾದುಹೋದುವು. ಯಾರ ಗೋಡೆಗೂ ತಗಲಬಾರದೆಂಬ ಎಚ್ಚರವು ಒಂದೂವರೆ ಸಾವಿರ ಬಾರಿ.

2022ರ ಅಕ್ಟೋಬರಿನಲ್ಲಿ ಇದೇ ಕಂಪನಿಯ ಎ-380 ದುಬೈಯಿಂದ ಬೆಂಗಳೂರಿಗೆ ಬಂದಿಳಿಯಿತು. ಅಲ್ಲಿಂದ ನಿತ್ಯ ಸಂಚಾರವೂ ಆರಂಭವಾಯಿತು. ಮರುವರುಷ ಅಳಿಯನ ಮನೆಗೆ ಹೊರಟಾಗ ನಾವು ಅದನ್ನೇ ಹತ್ತಿದೆವು. ಮೈಯೆಲ್ಲ ಬಿಳಿಯ ಬಣ್ಣ, ಪಕ್ಕದಲ್ಲಿ ದೊಡ್ಡ ಅಕ್ಷರಗಳು. ಕಿಟಕಿಯ ಬಳಿ ಕುಳಿತು ಹೊರಗೆ ಚಾಚಿದ್ದ ರೆಕ್ಕೆಯನ್ನು ನೋಡಿದೆವು. ಅಂದು ಓರೆಯಾಗಿ ನಿಂತು ಸೂರುಗಳ ಮೇಲೆ ಸರಿದ ರೆಕ್ಕೆ ಇದೇ ಆಗಿರಲೂಬಹುದು. ಪಕ್ಕದಲ್ಲಿದ್ದ ಹಾಸನದ ಕಡೆಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ಹೊರಟಿದ್ದರು. ಈ ವಿಮಾನದ ಮೈ ಒಂದು ಹಳ್ಳಿಯ ಬೀದಿಯಲ್ಲಿ ಮನೆಗಳ ನಡುವೆ ಹಾದು ಬಂದುದೆಂದು ನಾವು ಹೇಳಿದಾಗ ಆಕೆ ನಂಬಲಿಲ್ಲ. “ಇಷ್ಟು ದೊಡ್ಡದೇ? ಸುಮ್ಮನಿರಿ ಸ್ವಾಮಿ” ಎಂದು ನಕ್ಕು, ಚಟ್ನಿಪುಡಿಯ ಡಬ್ಬಿ ಚೀಲದಲ್ಲಿ ಸರಿಯಾಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಂಡರು.

ತೂಲೂಜ್‌ಗೆ ತಲುಪಿದ ಮೂರನೆಯ ದಿನ ಲೆವಿನ್ಯಾಕಿಗೆ ಹೋದೆವು. ಹಗಲು ಹೊತ್ತು. ಬೀದಿಯ ಎರಡು ಬದಿಗೂ ಮೋಟಾರುಗಳು ನಿಂತಿದ್ದುವು. ಹುಲ್ಲಿನ ಹೊರೆ ಹೊತ್ತ ಟ್ರಾಕ್ಟರೊಂದು ಅವುಗಳ ನಡುವೆ ಸಿಕ್ಕಿಕೊಂಡು, ಅತ್ತ ಹೋಗಲಾರದೆ ಇತ್ತ ಬರಲಾರದೆ ಹಾರನ್ನು ಬಾರಿಸುತ್ತಿತ್ತು. ಅಳಿಯನು ಇಳಿದು ಹೋಗಿ, ರಥದ ಗಾಲಿಯವನಂತೆ ಕೈ ಎತ್ತಿ ಇಳಿಸಿ, ಅದಕ್ಕೆ ದಾರಿ ಮಾಡಿಕೊಟ್ಟನು.